ನಾನೂರಾ ಹನ್ನೆರಡು ಸೈಟೇಶನ್, ಒಂದು ಖಾಲಿ ಖಾನೆ

ಕೈಯಲ್ಲಿರುವ ಕೆಲಸ ಹತ್ತು ನಿಮಿಷ ಪಕ್ಕಕ್ಕಿಡಿ. ಈ ಕಥೆಯನ್ನು ಅರ್ಧಕ್ಕೆ ಬಿಟ್ಟು ಎದ್ದರೆ ಅವಳಿಗೆ ತಲೆ ಕೆಟ್ಟಿತ್ತು ಅಂದುಕೊಂಡೇ ಹೋಗುತ್ತೀರಿ. ಅವಳ ಕೂಡ ಕೆಲಸ ಮಾಡಿದವರೂ ಹಾಗೇ ಅಂದುಕೊಂಡರು. ಪೂರ್ತಿ ಕೇಳಿ, ಆಮೇಲೆ ನೀವೇ ಹೇಳಿ.

"ಆ ಪೇಪರ್‌ನ ನೀವು ಇತ್ತೀಚೆಗೆ ಓದಿದ್ದೀರಾ, ಮೇಡಂ?"

ಅವನು ಅವಳೊಂದಿಗೆ ಆಡಿದ ಮೊದಲ ಮಾತು ಇದು. ನಮಸ್ಕಾರವಿಲ್ಲ, ಕುಳಿತುಕೊಳ್ಳಿ ಎನ್ನಲಿಲ್ಲ.

ಅವಳು ಗ್ರಂಥಾಲಯದ ಕೌಂಟರಿನ ಮುಂದೆ ಪೆನ್ನು ಹಿಡಿದು ನಿಂತಿದ್ದಳು. ಬಂದದ್ದು ಒಂದು ಸಹಿ ಹಾಕಿಹೋಗಲು. ಆರು ವಾರದ ನಂತರ ಅವಳ ಸಂದರ್ಶನ. ಏಳು ವರ್ಷ ಕಾಂಟ್ರಾಕ್ಟಿನ ಮೇಲೆ ದುಡಿದ ಸಂಶೋಧನಾ ಸಂಸ್ಥೆಯಲ್ಲಿ ಖಾಯಂ ಹುದ್ದೆ, ಇರುವುದು ಒಂದೇ ಒಂದು. ಅದಕ್ಕೆ ಅವಳ ಪ್ರಕಟಣೆಗಳ ಪಟ್ಟಿ ಬೇಕು, ಯಾರ್ಯಾರು ಅವಳ ಪೇಪರನ್ನು ತಮ್ಮ ಪೇಪರಿನಲ್ಲಿ ಉಲ್ಲೇಖಿಸಿದ್ದಾರೆ ಎಂಬ ಲೆಕ್ಕ ಬೇಕು. ಆ ಲೆಕ್ಕ ತೆಗೆಯುವವನು ಇವನು. ಇಡೀ ಸಂಸ್ಥೆ ಅವನನ್ನು ಕರೆಯುವುದೇ 'ಎಣಿಕೆ' ಎಂದು.

ಅವಳಿಗೂ ಒಂದು ಅಡ್ಡಹೆಸರಿತ್ತು. 'ನಾನೂರು'. ಲಿವರ್ ಕೋಶಗಳ ಬಗ್ಗೆ ವಿದ್ಯಾರ್ಥಿನಿಯಾಗಿದ್ದಾಗ ಬರೆದ ಅವಳ ಮೊದಲ ಪೇಪರಿಗೆ ನಾನೂರಾ ಹನ್ನೆರಡು ಸೈಟೇಶನ್, ಅಂದರೆ ಅಷ್ಟು ಪೇಪರುಗಳಲ್ಲಿ ಅದರ ಉಲ್ಲೇಖ. ಆ ಕಟ್ಟಡದಲ್ಲಿ ಬೇರೆ ಯಾರ ಪೇಪರೂ ಇನ್ನೂರು ದಾಟಿರಲಿಲ್ಲ.

"ನಾನು ಬರೆದಿದ್ದನ್ನ ನಾನೇ ಯಾಕ್ರೀ ಓದ್ಲಿ?" ಎಂದಳು.

"ನಾನು ಓದಿದೆ. ಅದನ್ನ ಉಲ್ಲೇಖಿಸಿರೋ ನಾನೂರಾ ಹನ್ನೆರಡನ್ನೂ ಓದಿದೆ."

ಅವಳಿಗೆ ನಗು ಬಂತು. "ಎಣಿಸೋ ಕೆಲಸ ಅಲ್ವಾ ನಿಮ್ಮದು?"

"ಎಣಿಸೋದನ್ನ ಮೆಷಿನ್ನು ಮಾಡುತ್ತೆ. ಸಂಬಳ ಮಾತ್ರ ನಂಗೆ ಕೊಡ್ತಾರೆ. ಸುಮ್ನೆ ಕೂರೋಕೆ ನಾಚಿಕೆ, ಓದ್ತೀನಿ."

ಅವನು ಎರಡು ಕಟ್ಟು ಕಾಗದವನ್ನು ಕೌಂಟರಿನ ಮೇಲಿಟ್ಟ. ಒಂದು ದಪ್ಪ, ಇನ್ನೊಂದು ಕೈಬೆರಳಷ್ಟು ತೆಳು.

"ಈ ದಪ್ಪ ಕಟ್ಟಲ್ಲಿ ನಾನೂರಾ ಒಂದು ಇದೆ. ಎಲ್ಲರೂ ಪೀಠಿಕೆಲಿ ನಿಮ್ಮ ಹೆಸರು ಹಾಕಿ ಮುಂದೆ ಹೋಗಿದ್ದಾರೆ. ಒಬ್ಬರನ್ನ ನೋಡಿ ಇನ್ನೊಬ್ಬರು. ನಿಮ್ಮ ಪ್ರಯೋಗಾನ ತಾವೂ ಮಾಡಿ ನೋಡಿದವರು ಈ ಹನ್ನೊಂದೇ ಜನ." ತೆಳು ಕಟ್ಟನ್ನು ಮುಂದೆ ಸರಿಸಿದ. "ಅದರಲ್ಲಿ ಒಂಬತ್ತು ಜನಕ್ಕೆ ನಿಮ್ಮ ಫಲಿತಾಂಶ ಬಂದಿಲ್ಲ. ಜೋರಾಗಿ ಹೇಳಿಲ್ಲ. ಕೊನೇ ಪುಟದಲ್ಲಿ ಒಂದೊಂದು ಸಾಲು, ನಮ್ಮ ಫಲಿತಾಂಶ ಸ್ವಲ್ಪ ಭಿನ್ನ ಅಂತ."

ಅವಳ ಕಿವಿ ಬಿಸಿಯಾಯಿತು.

"ನೀವು ಯಾವತ್ತಾದ್ರೂ ಒಂದು ಕೋಶ ಬೆಳೆಸಿದ್ದೀರಾ?"

"ಇಲ್ಲ. ಮನೇಲಿ ಒಂದು ಕುಂಡ ಇದೆ. ಅದೂ ಒಣಗಿದೆ."

"ಹಾಗಾದ್ರೆ ಎಣಿಸಿ. ಅಷ್ಟು ಮಾಡಿ ಸಾಕು."

"ಎಣಿಸಿ ಆಗಿದೆ ಮೇಡಂ. ಈ ಖಾನೆ ಒಂದು ತುಂಬೋಕಾಗ್ತಿಲ್ಲ." ಅವನು ನಮೂನೆಯ ಕೊನೆಯ ಸಾಲು ತೋರಿಸಿದ. 'ಸಂಶೋಧನೆಯ ಪರಿಣಾಮ' ಎಂದಿತ್ತು, ಮುಂದೆ ಖಾಲಿ. "ಎಲ್ಲರಿಗೂ 'ಅತ್ಯುತ್ತಮ' ಅಂತ ಬರೀತಾರೆ. ಏನು ಬರೀಲಿ?"

ಅವಳು ಸಹಿಯನ್ನೂ ಮಾಡದೆ ತೆಳು ಕಟ್ಟನ್ನು ಕಿತ್ತುಕೊಂಡು ಹೊರಟುಬಂದಳು. ಯಾಕೆ ಕಿತ್ತುಕೊಂಡಳು ಎಂದು ಮೆಟ್ಟಿಲಿಳಿಯುವಾಗ ತನ್ನನ್ನೇ ಬೈದುಕೊಂಡಳು.

ಮೂರು ದಿನ ಅದನ್ನು ಮುಟ್ಟಲಿಲ್ಲ. ನಾಲ್ಕನೆಯ ದಿನ ಹನ್ನೊಂದನ್ನೂ ಒಂದೇ ಉಸಿರಿಗೆ ಓದಿದಳು. ಒಂಬತ್ತು ಜನಕ್ಕೆ ಬಂದಿಲ್ಲ, ಸರಿ. ಇಬ್ಬರಿಗೆ ಬಂದಿದೆಯಲ್ಲ. ಆ ಇಬ್ಬರು ಯಾರು...?

ಹೆಸರು ನೋಡಿದವಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಆ ಎರಡು ಲ್ಯಾಬಿಗೂ ಲಿವರ್ ಕೋಶಗಳನ್ನು ಕಳಿಸಿಕೊಟ್ಟವಳು ಅವಳೇ. ತನ್ನದೇ ಫ್ರೀಜರಿನಿಂದ, ತನ್ನ ಕೈಯಾರೆ ಪ್ಯಾಕ್ ಮಾಡಿ.

ಅಂದರೆ ಅವಳ ಕೋಶ ಬಳಸಿದವರಿಗೆ ಮಾತ್ರ ಅವಳ ಫಲಿತಾಂಶ ಬಂದಿತ್ತು.

ಮರುದಿನ ಗ್ರಂಥಾಲಯಕ್ಕೆ ಹೋಗಿ ಕೌಂಟರಿನ ಮೇಲೆ ಕೈಯೂರಿ ನಿಂತಳು.

"ರೀ ಎಣಿಕೆ. ಟೀ ಕುಡೀತೀರಾ?"

"ಬೈಯೋಕೆ ಕರೀತಿದ್ದೀರಾ?"

"ಅದು ಟೀ ಮೇಲೆ ಹೋಗುತ್ತೆ."

ಕ್ಯಾಂಟೀನಿನ ಕಾಲು ಅಲ್ಲಾಡುವ ಮೇಜಿನಲ್ಲಿ ಅವಳು ಅವನಿಗೆ ಎಲ್ಲವನ್ನೂ ಹೇಳಿದಳು. ಕೋಶಗಳಿಗೆ ಮೀಡಿಯಂ ಎಂಬ ಗುಲಾಬಿ ಬಣ್ಣದ ನೀರು ಊಟ. ಪ್ರತಿ ಬಗೆಯ ಕೋಶಕ್ಕೂ ಬೇರೆ ಬಾಟಲಿ ಇಡಬೇಕು. ಒಂದು ಬಗೆಗೆ ಅದ್ದಿದ ಪಿಪೆಟ್ಟೆಂಬ ಹೀರುಗೊಳವೆಯನ್ನು ಇನ್ನೊಂದರ ಬಾಟಲಿಗೆ ಅದ್ದಬಾರದು. ಅದ್ದಿದರೆ ಒಂದೇ ಒಂದು ಕೋಶ ಆಚೆ ದಾಟಿದರೂ ಸಾಕು. ಕ್ಯಾನ್ಸರ್ ಗಡ್ಡೆಯ ಕೋಶಗಳು ಎಷ್ಟು ಬೇಗ ಬೆಳೆಯುತ್ತವೆಂದರೆ ತಿಂಗಳೆರಡು ತಿಂಗಳಲ್ಲಿ ಮೊದಲಿದ್ದವುಗಳನ್ನು ಒಕ್ಕಲೆಬ್ಬಿಸಿ ತಾವೇ ಕೂತಿರುತ್ತವೆ. ಡಬ್ಬಿಯ ಮೇಲಿನ ಚೀಟಿ ಮಾತ್ರ ಹಳೆಯದೇ.

"ಆ ಪೇಪರಿನ ಕೆಲಸ ನಡೀತಿದ್ದಾಗ ಒಂದು ಮಧ್ಯಾಹ್ನ ಮೀಡಿಯಂ ಕಮ್ಮಿ ಇತ್ತು," ಎಂದಳು ಲೋಟ ತಿರುಗಿಸುತ್ತ. "ಲಿವರ್ ಕೋಶಕ್ಕೂ ಪಕ್ಕದ ಗಡ್ಡೆ ಕೋಶಕ್ಕೂ ಒಂದೇ ಬಾಟಲಿ ಇಟ್ಕೊಂಡೆ. ಪಿಪೆಟ್ ಬದಲಾಯಿಸಿದೆ ಅಂತಲೇ ನೆನಪು. ಬದಲಾಯಿಸಿದ್ನಾ ಅಂತ ಇವತ್ತು ಆಣೆ ಇಟ್ಟು ಹೇಳೋಕಾಗಲ್ಲ."

ಅವನು ಸಮಾಧಾನ ಹೇಳಲಿಲ್ಲ. "ಗೊತ್ತಾಗೋಕೆ ದಾರಿ ಇದೆಯಾ?" ಎಂದು ಕೇಳಿದ.

"ಡಿಎನ್‌ಎ ಟೆಸ್ಟು. ಹಳೇ ಕೋಶಾನೇ ಕಳಿಸ್ಬೇಕು. ಮೂರು ವಾರ."

"ಕಳಿಸ್ತೀರಾ?"

"ಬೇಡ ಅಂದ್ರೆ ನೀವೇನು ಮಾಡ್ತೀರಿ?"

"ಏನೂ ಮಾಡಲ್ಲ. ನಿಮ್ಮ ಪೇಪರ್ ಅದು. ನಂಗೆ ಗೊತ್ತು, ನಿಮಗೆ ಗೊತ್ತು, ಅಷ್ಟೇ."

ಒತ್ತಾಯ ಮಾಡಿದ್ದರೆ ಅವಳು ಖಂಡಿತ ಕಳಿಸುತ್ತಿರಲಿಲ್ಲ. ಅವಳ ಜಾಯಮಾನವೇ ಅದು. ಅವನು ಸುಮ್ಮನಿದ್ದುದಕ್ಕೆ ಅಂದೇ ಕಳಿಸಿದಳು.

ಆ ಮೂರು ವಾರ... ಏನು ಹೇಳಲಿ, ಅವಳ ಬದುಕಿನ ಅತ್ಯಂತ ಭಯದ ಮೂರು ವಾರ. ಅಷ್ಟೇ ಚೆಂದದ ಮೂರು ವಾರ ಕೂಡ. ದಿನಾ ನಾಲ್ಕು ಗಂಟೆಗೆ ಅದೇ ಅಲ್ಲಾಡುವ ಮೇಜು. ಅವನು ಕಾಗದ ಮಡಚಿ ಅದರ ಕಾಲಿಗೆ ಕೊಡುವುದು, ಮರುದಿನ ಬರುವಷ್ಟರಲ್ಲಿ ಯಾರೋ ಗುಡಿಸಿಬಿಟ್ಟಿರುವುದು, ಅವನು ಮತ್ತೆ ಮಡಚುವುದು.

ಒಂದು ದಿನ ಅವನು ಅವಳ ಇನ್ನೊಂದು ಪೇಪರ್ ತಂದ. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ತೆಗೆದ ಒಂದು ಹನಿ ರಕ್ತದಲ್ಲಿ ಒಂದು ವಂಶವಾಹಿ ಕಾಯಿಲೆಯನ್ನು ಕಡಿಮೆ ಸಮಯದಲ್ಲಿ ಪತ್ತೆ ಮಾಡುವ ವಿಧಾನ. ಅದಕ್ಕೆ ಸೈಟೇಶನ್ ಮೂರು. ಪಟ್ಟಿಯಲ್ಲಿ ಅದನ್ನು ಹಾಕಲು ಅವಳಿಗೇ ಸಂಕೋಚವಿತ್ತು.

"ಇದನ್ನ ಯಾಕೆ ತೆಗೆದ್ರಿ? ನನ್ನ ಮಾನ ಹರಾಜು ಹಾಕೋಕಾ?"

"ಮೂರೂ ಜನ ಇದನ್ನ ಪಕ್ಕದಲ್ಲಿಟ್ಕೊಂಡು ಕೆಲಸ ಮಾಡಿದ್ದಾರೆ ಮೇಡಂ. ಒಂದು ಮಕ್ಕಳ ಆಸ್ಪತ್ರೆಯವರು ಈಗಲೂ ವಾರಾ ವಾರಾ ಮಾಡ್ತಿದ್ದಾರಂತೆ. ಮೂರಕ್ಕೆ ಮೂರೂ ಸರಿ ಬಂದಿದೆ."

 ಆ ರಾತ್ರಿಯ ಊಟಕ್ಕೆ ಅಮ್ಮ ಎರಡು ಸಲ ಕರೆಯಬೇಕಾಯಿತು.

ಫಲಿತಾಂಶ ಬಂದ ದಿನ ಅವಳು ಕಂಪ್ಯೂಟರಿನ ಮುಂದೆ ಕೈ ಕಟ್ಟಿ ಕುಳಿತಳು. ಅವನು ಹಿಂದೆ ನಿಂತಿದ್ದ. ಎರಡೇ ಸಾಲಿನ ಉತ್ತರ. ಕಳಿಸಿದ ಕೋಶಗಳು ಲಿವರಿನವಲ್ಲ. ಪಕ್ಕದ ಡಬ್ಬಿಯಲ್ಲಿದ್ದ ಗಡ್ಡೆಯ ಕೋಶಗಳು.

ನಾನೂರಾ ಹನ್ನೆರಡು ಜನ ಹೆಸರು ಹೇಳಿದ ಲಿವರ್ ಕೋಶಗಳು ಪೇಪರ್ ಬರೆಯುವಾಗಲೇ ಲಿವರ್ ಕೋಶಗಳಾಗಿ ಉಳಿದಿರಲಿಲ್ಲ.

"ಅಳ್ಬೇಕು ಅನ್ಸಿದ್ರೆ ನಾನು ಆಚೆ ನಿಲ್ತೀನಿ," ಎಂದ ಅವನು ಮೆಲ್ಲಗೆ.

"ಆಚೆ ಯಾಕೆ? ಇಲ್ಲೇ ನಿಲ್ಲಿ. ನಾನು ಅಳಲ್ಲ."

ಹಾಗೆಂದವಳು ಅತ್ತಳು. ಅವನು ಅಲ್ಲೇ ನಿಂತಿದ್ದ.

ಅಮ್ಮ ಬಟ್ಟೆ ಹೊಲಿಯುವವರು. ಮಗಳ ಕೆಲಸ ಏನೆಂದು ಕೇಳಿದರೆ, "ಕಣ್ಣಿಗೆ ಕಾಣದ್ದನ್ನ ಬೆಳೆಸ್ತಾಳೆ, ನಾನೂರು ಜನ ಅವಳ ಹೆಸರು ಬರೆದಿದ್ದಾರೆ," ಎಂದು ಅಳತೆ ಕೊಡಲು ಬಂದವರಿಗೆಲ್ಲ ಹೇಳುವವರು. ಅವರಿಗೆ ಹೇಳುವುದೇ ಅವಳಿಗೆ ಹೆಚ್ಚು ಕಷ್ಟವಾಯಿತು.

"ತಪ್ಪಾಗಿದೆ ಅಂತ ನೀನು ಹೇಳ್ದೇ ಇದ್ರೆ ಯಾರಿಗೆ ಗೊತ್ತಾಗುತ್ತೆ?" ಅಮ್ಮ ಮೆಷಿನ್ ನಿಲ್ಲಿಸದೆ ಕೇಳಿದರು.

"ಸದ್ಯಕ್ಕೆ ಯಾರಿಗೂ ಗೊತ್ತಾಗಲ್ಲ."

"ಅದನ್ನ ನಂಬ್ಕೊಂಡು ಇನ್ನೂ ಯಾರಾದ್ರೂ ಕೆಲಸ ಮಾಡ್ತಿದ್ದಾರಾ?"

"ಮಾಡ್ತಿದ್ದಾರೆ. ನನ್ನ ಥರದ ಹುಡುಗೀರೇ. ವರ್ಷಗಟ್ಲೆ."

ಮೆಷಿನ್ ನಿಂತಿತು. ಅಮ್ಮ ದಾರ ಕಡಿದು ಕನ್ನಡಕ ಮೇಲೇರಿಸಿದರು. "ಹಾಗಾದ್ರೆ ಬಿಚ್ಚು. ಬಿಚ್ಚೋಕೆ ಹೊಲಿದಿದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತೆ, ಹೇಳಿದ್ದೀನಿ. ಬೆಳಿಗ್ಗೆನೇ ಶುರು ಮಾಡು. ಮತ್ತೆ ಆ ಎಣಿಕೆ ಹುಡುಗ ಊಟ ಮಾಡ್ತಾನೋ ಇಲ್ವೋ? ದಿನಾ ಟೀ ಟೀ ಅಂತೀಯ."

"ಅಮ್ಮಾ!"

"ಕೇಳಿದೆನಪ್ಪ, ತಪ್ಪಾ?"

ಪೇಪರನ್ನು ಹಿಂತೆಗೆದುಕೊಳ್ಳಲು ಜರ್ನಲಿಗೆ ಬರೆಯಬೇಕಿತ್ತು. ಅದಕ್ಕೆ ಜೊತೆಗೆ ಹೆಸರು ಹಾಕಿದ್ದ ಅವಳ ಗೈಡ್ ಒಪ್ಪಬೇಕಿತ್ತು. ಅವರು ಈಗ ನಿವೃತ್ತರು. ಕೋಶ ಬೆಳೆಸುವುದನ್ನು ಅವಳಿಗೆ ಕೈಹಿಡಿದು ಕಲಿಸಿದವರು. ಅವಳು ಫೋನಿನಲ್ಲಿ ಫಲಿತಾಂಶ ಬಾರದ ಆ ಒಂಬತ್ತರಿಂದ ಹಿಡಿದು ಎಲ್ಲ ಹೇಳಿದಳು.

"ಅವಸರ ಏನು ಮಗು? ಇಂಟರ್‌ವ್ಯೂ ಮುಗೀಲಿ," ಎಂದರು ಅವರು. "ಯೋಚನೆ ಮಾಡೋಣ."

ಅದಾಗಿ ಎರಡು ದಿನಕ್ಕೆ, ಸಂದರ್ಶನಕ್ಕೆ ಒಂದೇ ದಿನವಿದ್ದಾಗ, ನಿರ್ದೇಶಕರು ಅವಳನ್ನು ಕೋಣೆಗೆ ಕರೆದರು.

"ಆ ಒಂಬತ್ತರ ಕಥೆ ನನ್ನ ಕಿವಿಗೆ ಬಂದಿದೆ," ಎಂದರು ಬಾಗಿಲು ಮುಚ್ಚಿ. "ನೋಡಮ್ಮಾ, ನಮ್ಮ ಸಂಸ್ಥೆ ವರದಿಲಿ ನಿನ್ನ ಆ ಪೇಪರೇ ಮೊದಲ ಪುಟ. ನಾಳೆ ಒಂದು ದಿನ ಬಾಯಿಗೆ ಬೀಗ ಹಾಕ್ಕೋ. ಹುದ್ದೆ ಸಿಗುತ್ತೆ. ಆಮೇಲೆ ಏನು ಬೇಕಾದ್ರೂ ವಾಪಸ್ ತಗೋ, ಯಾರು ಬೇಡ ಅಂತಾರೆ?"

ಅವಳಿಗೆ ಹುದ್ದೆಯ ಮಾತು ಕೇಳಿಸಲೇ ಇಲ್ಲ. ಒಂಬತ್ತು... ಇವರಿಗೆ ಆ ಒಂಬತ್ತು ಹೇಗೆ ಗೊತ್ತು? ಗುರುಗಳು ಹೇಳುವವರಲ್ಲ, ತಂದೆಯಂಥವರು. ಉಳಿದದ್ದು ಒಬ್ಬನೇ.

ಎರಡು ಮಹಡಿ ಒಂದೇ ಓಟಕ್ಕೆ ಹತ್ತಿದಳು. ಗ್ರಂಥಾಲಯದಲ್ಲಿ ಓದುತ್ತಿದ್ದ ನಾಲ್ಕಾರು ಜನ ತಲೆಯೆತ್ತಿದರು.

"ಹೇಳಿಬಿಟ್ರಾ? ಆ ಖಾನೇಲಿ ಬರೆದು ಕಳಿಸಿಬಿಟ್ರಾ?"

ಅವನು ಕುರ್ಚಿಯಿಂದ ಎದ್ದ. "ಏನನ್ನ?"

"ನಾಳೆ ನಾನೇ ಹೇಳ್ತಿದ್ದೆ ಕಣ್ರೀ. ನನ್ನ ಬಾಯಲ್ಲಿ. ನನ್ನ ತಪ್ಪನ್ನ ನಾನು ಹೇಳೋದಕ್ಕೂ, ಯಾರೋ ಹಿಂದಿನಿಂದ ಹೇಳಿ ನಾನು ಸಿಕ್ಕಿಹಾಕ್ಕೊಳ್ಳೋದಕ್ಕೂ ವ್ಯತ್ಯಾಸ ಇಲ್ವಾ? ನನ್ನ ಹತ್ರ ಉಳಿದಿದ್ದೇ ಅದೊಂದು. ಅದನ್ನೂ ಕಿತ್ಕೊಂಡ್ರಿ."

"ನಾನು ಹೇಳಿಲ್ಲ."

"ಈ ಕಟ್ಟಡದಲ್ಲಿ ಆ ಕಟ್ಟು ನೋಡಿದವರು ಇಬ್ಬರೇ."

ಅವನ ಮುಖದಲ್ಲಿ ರಕ್ತವಿರಲಿಲ್ಲ. ಎರಡನೇ ಸಲ "ನಾನು ಹೇಳಿಲ್ಲ" ಎನ್ನಲಿಲ್ಲ. ಒಮ್ಮೆ ಹೇಳಿದ್ದನ್ನು ನಂಬದವರ ಮುಂದೆ ಮತ್ತೆ ಹೇಳುವ ಜಾಯಮಾನ ಅವನದಲ್ಲ. ಅವಳು ತಿರುಗಿ ನೋಡದೆ ಹೊರಟಳು. ಆ ದಿನ ನಾಲ್ಕು ಗಂಟೆಗೆ ಅಲ್ಲಾಡುವ ಮೇಜು ಖಾಲಿಯಿತ್ತು.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಸಂದರ್ಶನ. ಉದ್ದನೆಯ ಮೇಜಿನ ಆಚೆ ಮೂವರು. ನಿರ್ದೇಶಕರು, ಅವರ ಪಕ್ಕ ಪೂರ್ತಿ ಹೊತ್ತು ಗಡಿಯಾರ ನೋಡುತ್ತಿದ್ದ ಒಬ್ಬ ಅಧಿಕಾರಿ, ನಡುವೆ ಹೊರಗಿನಿಂದ ಬಂದ ಹಿರಿಯ ವಿಜ್ಞಾನಿ. ಬೆಳ್ಳಿ ಕೂದಲಿನ ಹೆಂಗಸು.

"ನಾನೂರಾ ಹನ್ನೆರಡು," ಎಂದು ನಿರ್ದೇಶಕರು ನಗುತ್ತ ಶುರು ಮಾಡಿದರು. "ನಮ್ಮ ಹೆಮ್ಮೆ."

ಹಿರಿಯ ವಿಜ್ಞಾನಿ ಗ್ರಂಥಾಲಯದಿಂದ ಬಂದ ನಮೂನೆಯ ಹಾಳೆ ತಿರುವಿದರು. "ಇಲ್ಲಿ ಒಂದು ಖಾನೆ ತುಂಬಿಲ್ಲವಲ್ಲ. ಪರಿಣಾಮ ಅನ್ನೋ ಜಾಗದಲ್ಲಿ ಏನೋ ಬೇರೆ ಬರೆದಿದ್ದಾರೆ." ಹಾಳೆಯನ್ನು ಅವಳ ಕಡೆ ತಿರುಗಿಸಿದರು.

ಅವಳು ಬಗ್ಗಿ ನೋಡಿದಳು. ಪೇಪರುಗಳ ಪಟ್ಟಿ. ಅಂಕಿಗಳು. ಒಂಬತ್ತರ ಸುದ್ದಿ ಎಲ್ಲಿಯೂ ಇಲ್ಲ, ಒಂದು ಅಕ್ಷರವೂ ಇಲ್ಲ. ಕೊನೆಯ ಖಾನೆಯಲ್ಲಿ ನೀಲಿ ಶಾಯಿಯ ದುಂಡು ಅಕ್ಷರದಲ್ಲಿ ಒಂದೇ ಸಾಲಿತ್ತು.

'ಇದನ್ನು ಹೇಳುವ ಹಕ್ಕು ಸಂಶೋಧಕಿಯದು. ದಯವಿಟ್ಟು ಅವರನ್ನೇ ಕೇಳಿ.'

ಕೆಳಗೆ ಅವನ ಸಹಿ. ತಾರೀಖು ಹತ್ತು ದಿನದ ಹಿಂದಿನದು.

ಅವಳು ತಾರೀಖನ್ನು ಮತ್ತೊಮ್ಮೆ ಓದಿದಳು. ಅಯ್ಯೋ... ಹತ್ತು ದಿನದ ಹಿಂದೆಯೇ ಇವನು ಈ ಜಾಗವನ್ನು ನನಗಾಗಿ ಬಿಟ್ಟಿದ್ದ. ನಾನು ನಿನ್ನೆ ಹೋಗಿ ಅಷ್ಟು ಜನರ ಮುಂದೆ...

"ಗ್ರಂಥಾಲಯದವನಿಗೆ ತಲೆಹರಟೆ," ಎಂದರು ನಿರ್ದೇಶಕರು. "ನಾನು 'ಅತ್ಯುತ್ತಮ' ಅಂತ ಬರಿ ಅಂದೆ. ಆಗಲ್ಲ ಸಾರ್ ಅಂದ."

"ಕೇಳೇಬಿಡೋಣ," ಎಂದರು ಹಿರಿಯ ವಿಜ್ಞಾನಿ. "ಹೇಳಿ. ಈ ಪೇಪರಿನ ಪರಿಣಾಮ ಏನು?"

ಅವಳು ನೆಟ್ಟಗೆ ಕುಳಿತಳು.

"ಪರಿಣಾಮ ಕೆಟ್ಟದ್ದು, ಮೇಡಂ. ಪೇಪರ್ ತಪ್ಪು. ಕೋಶಗಳು ಬೆರೆತುಹೋಗಿದ್ವು. ತಪ್ಪು ನನ್ನ ಕೈಯಿಂದ ಆಗಿದ್ದು." ಡಿಎನ್‌ಎ ವರದಿಯನ್ನು ಮೇಜಿನ ಮೇಲಿಟ್ಟಳು. "ಗೈಡ್ ಇನ್ನೂ ಒಪ್ಪಿಲ್ಲ, ನನ್ನೊಬ್ಬಳ ಸಹಿ ಹಾಕಿ ಜರ್ನಲಿಗೆ ಪತ್ರ ಇವತ್ತು ಬೆಳಿಗ್ಗೆ ಕಳಿಸಿದೆ. ನನ್ನ ಪಟ್ಟಿಯಿಂದ ಅದನ್ನ ಹೊಡೆದುಹಾಕಿ."

ಹಿರಿಯ ವಿಜ್ಞಾನಿ ಆ ವರದಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಇದಕ್ಕೇ ಹೇಳಿದ್ದು," ನಿರ್ದೇಶಕರು ಮೇಜು ತಟ್ಟಿದರು. "ನಿನ್ನ ಗೈಡ್ ಫೋನ್ ಮಾಡಿ, ಹುಡುಗಿ ದುಡುಕ್ತಾಳೆ, ಸ್ವಲ್ಪ ಬುದ್ಧಿ ಹೇಳಿ ಅಂದಾಗಲೇ ನಂಗೆ ಗೊತ್ತಿತ್ತು. ನಿನಗೆ ಬುದ್ಧಿ ಇದೆಯೇನಮ್ಮಾ? ಇದನ್ನ ತೆಗೆದ್ರೆ ನಿನ್ನ ಹತ್ರ ಏನಿದೆ?"

ಗೈಡ್! ಹಾಗಾದರೆ ಹೇಳಿದವರು ಗುರುಗಳೇ. ಅವಳ ಎದೆಯಲ್ಲಿ ಏನೋ ಒಂದು ಮುರಿಯಿತು. ಇನ್ನೊಂದು ಮತ್ತೆ ಜೀವ ಪಡೆಯಿತು.

"ಮೂರು ಇದೆ ಸಾರ್," ಎಂದಳು. "ಮೂರು ಸೈಟೇಶನ್ನಿನ ಒಂದು ಪೇಪರ್. ಒಂದು ಆಸ್ಪತ್ರೆಲಿ ಪ್ರತಿ ವಾರ ಮಕ್ಕಳಿಗೆ ಅದರಿಂದ ಪರೀಕ್ಷೆ ಮಾಡ್ತಾರೆ. ಅದನ್ನ ಯಾರು ಬೇಕಾದ್ರೂ ಮಾಡಿ ನೋಡ್ಬಹುದು. ಬರುತ್ತೆ. ನನ್ನನ್ನ ತೂಕ ಹಾಕೋದಿದ್ರೆ ಅದರಲ್ಲಿ ಹಾಕಿ. ಅದು ಸಾಲಲ್ಲ ಅಂದ್ರೆ ಹುದ್ದೆ ನೀವೇ ಇಟ್ಕೊಳ್ಳಿ."

ಹಿರಿಯ ವಿಜ್ಞಾನಿ ಏನೋ ಬರೆದುಕೊಂಡರು. ಅವಳು ಎದ್ದು ಕೈ ಮುಗಿದು ಹೊರಬಂದಳು. ತಲೆ ಬಗ್ಗಿರಲಿಲ್ಲ.

ಹುದ್ದೆ ಸಿಗಲಿಲ್ಲ. ಸಂಜೆಗೇ ಪಟ್ಟಿ ಹಾಕಿದರು, ಬೇರೆಯವರ ಹೆಸರಿತ್ತು. ಹಿರಿಯ ವಿಜ್ಞಾನಿ ಅವಳ ಪರವಾಗಿ ಎರಡು ಪುಟ ಬರೆದಿದ್ದರಂತೆ. ಎರಡು ಮತ ಆಚೆ, ಒಂದು ಈಚೆ.

ಆದರೆ ಅವಳು ಪಟ್ಟಿ ನೋಡಲು ಹೋದದ್ದು ಆಮೇಲೆ. ಮೊದಲು ಹೋದದ್ದು ಗ್ರಂಥಾಲಯಕ್ಕೆ.

ನಿನ್ನೆ ಇದ್ದ ಜನರೇ ಅಲ್ಲಿದ್ದರು. ಅವಳು ಕೌಂಟರಿನ ಮುಂದೆ ನಿಂತು, ನಿನ್ನೆಯಷ್ಟೇ ಗಟ್ಟಿಯಾಗಿ ಹೇಳಿದಳು.

"ನಿನ್ನೆ ನಾನು ಇಲ್ಲಿ ಇವರಿಗೆ ಅಂದ ಮಾತೆಲ್ಲ ತಪ್ಪು. ಎಲ್ಲರೂ ಕೇಳಿಸ್ಕೊಂಡ್ರಲ್ಲ? ಇದನ್ನೂ ಕೇಳಿಸ್ಕೊಳ್ಳಿ. ಹೇಳಿದ್ದು ಇವರಲ್ಲ. ನಾನು ಕ್ಷಮೆ ಕೇಳ್ತಿದ್ದೀನಿ."

ಅವನು ಕಿವಿಯವರೆಗೂ ಕೆಂಪಾದ. "ಮೇಡಂ, ಇದು ಗ್ರಂಥಾಲಯ. ಮೆಲ್ಲಗೆ ಮಾತಾಡಿ."

"ಮೆಲ್ಲಗೆ ಬೈದಿರಲಿಲ್ವಲ್ಲ."

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಅವನು ಬಾಗಿಲಿನ ಆಚೆ ಮೆಟ್ಟಿಲ ಕಡೆ ನಡೆದ, ಅವಳು ಹಿಂದೆಯೇ. ಮಧ್ಯಾಹ್ನದ ಬೆಳಕು ಕಿಟಕಿಯಿಂದ ಮೆಟ್ಟಿಲ ಮೇಲೆ ಬಿದ್ದಿತ್ತು.

"ನಿನ್ನೆ ಇನ್ನೊಂದು ಸಲ 'ನಾನಲ್ಲ' ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ನೀವು ಸಂದರ್ಶನಕ್ಕೆ ಹೋಗೋ ಹಿಂದಿನ ದಿನ. ನಿಮ್ಮ ತಲೇಲಿ ಅದಕ್ಕಿಂತ ದೊಡ್ಡ ವಿಷಯ ಇತ್ತು. ನಾನು ಕಾಯ್ಬಹುದು ಅಂದ್ಕೊಂಡೆ."

"ಎಷ್ಟು ದಿನ ಕಾಯ್ತಿದ್ರಿ?"

"ಎಣಿಸಿಲ್ಲ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ಒಂದು ಕೇಳ್ತೀನಿ. ನಿಜ ಹೇಳ್ಬೇಕು. ಎಲ್ಲರದ್ದನ್ನೂ ಹೀಗೇ ಓದ್ತೀರಾ? ನಾನೂರಾ ಹನ್ನೆರಡು?"

ಅವನು ಕಂಬಿಯ ಮೇಲಿನ ಧೂಳನ್ನು ಬೆರಳಲ್ಲಿ ಒರೆಸಿದ. "ಎಲ್ಲರದ್ದೂ ಸ್ವಲ್ಪ ಸ್ವಲ್ಪ. ನಿಮ್ಮದು ಮಾತ್ರ ಪೂರ್ತಿ. ಆ ಮೂರರ ಪೇಪರ್ ಇದೆಯಲ್ಲ, ಅದರ ಕೊನೇಲಿ ನೀವು ಕೃತಜ್ಞತೆ ಬರೆದಿದ್ದೀರಿ. ಎಲ್ಲರೂ ದೊಡ್ಡ ದೊಡ್ಡವರ ಹೆಸರು ಹಾಕ್ತಾರೆ. ನೀವು, ಭಾನುವಾರ ಬಂದು ಫ್ರೀಜರ್ ಸರಿಮಾಡಿಕೊಟ್ಟ ರಿಪೇರಿಯವರಿಗೆ ಅಂತ ಬರೆದಿದ್ರಿ. ನಾನು ಸಾವಿರಾರು ಪೇಪರ್ ನೋಡಿದ್ದೀನಿ. ಹಾಗೆ ಬರೆದಿದ್ದು ಅದೊಂದೇ. ಅವತ್ತೇ..."

"ಅವತ್ತೇ ಏನು?"

"ಅವತ್ತೇ ಇವರು ಬರೆದಿದ್ದನ್ನೆಲ್ಲ ಓದ್ಬೇಕು ಅನ್ಸಿತು. ಓದ್ತಾ ಓದ್ತಾ ತಪ್ಪೂ ಸಿಕ್ತು. ಸಿಗಬಾರದಿತ್ತು ಅಂತ ಮೂರು ಸಲ ಮೊದಲಿಂದ ಓದಿದೆ. ಇಷ್ಟಪಡೋರ ತಪ್ಪು ಹೇಳೋದು ಎಷ್ಟು ಕಷ್ಟ ಗೊತ್ತಾ? ಅದಕ್ಕೇ ಅವತ್ತು ನಮಸ್ಕಾರ ಹೇಳೋದೂ ಮರೆತೆ."

ಅವಳು ಒಂದು ಮೆಟ್ಟಿಲು ಕೆಳಗೆ ನಿಂತಿದ್ದವಳು ಮೇಲೆ ಬಂದಳು. ಅವನ ಪಕ್ಕ, ಭುಜಕ್ಕೆ ಭುಜ ತಾಗುವಷ್ಟು.

"ಈಗ ಹೇಳಿ."

"ನಮಸ್ಕಾರ."

"ನಮಸ್ಕಾರ. ಹುದ್ದೆ ಸಿಗಲ್ಲ ನಂಗೆ. ತಿಂಗಳ ಕೊನೆಗೆ ಕಾಂಟ್ರಾಕ್ಟೂ ಮುಗಿಯುತ್ತೆ. ಆ ಮಕ್ಕಳ ಆಸ್ಪತ್ರೆಗೆ ಇವತ್ತೇ ಬರೀತೀನಿ, ನಿಮಗೆ ಕೈ ಬೇಕಾ ಅಂತ. ಬೇಡ ಅಂದ್ರೆ ಇನ್ನೊಂದು ಕಡೆ. ನಾನೂರು ಹೋಗಿ ಮೂರಕ್ಕೆ ಬಂದಿದ್ದೀನಿ. ಲೆಕ್ಕದಲ್ಲಿ ದಿವಾಳಿ. ಯೋಚನೆ ಮಾಡಿ ಹೇಳಿ."

"ಏನು ಹೇಳೋದು?"

"ಖಾಲಿ ಬಿಟ್ಟಿದ್ರಲ್ಲ ಒಂದು ಖಾನೆ, ಅದರಲ್ಲಿ ನಾನು ಹೇಳೋದು ಹೇಳಿ ಆಯ್ತು. ಈಗ ನಿಮ್ಮ ಸರದಿ."

 ಅವನು ಅವಳ ಕೈಯನ್ನು, ಗ್ಲೌಸಿನ ಪುಡಿಯಿಂದ ಒರಟಾಗಿದ್ದ ಆ ಕೈಯನ್ನು, ತನ್ನ ಎರಡೂ ಕೈಯಲ್ಲಿ ಹಿಡಿದ.

"ಮೂರಲ್ಲ, ನಾಲ್ಕು. ನಾನೂ ನಿಮ್ಮನ್ನೇ ನಂಬ್ಕೊಂಡು ನಡೀತೀನಿ."

"ತಪ್ಪಾದ್ರೆ?"

"ಹೇಳ್ತೀನಿ. ಮೊದಲು ನಿಮಗೇ."

"ಆಮೇಲೆ?"

"ಆಮೇಲೆ ಟೀ ಕುಡಿಯೋಣ."

ಕೆಳಗೆ ಕ್ಯಾಂಟೀನಿನಲ್ಲಿ ಅಂದು ಮೇಜಿನ ಕಾಲಿಗೆ ಕಾಗದ ಮಡಚಿ ಕೊಟ್ಟವಳು ಅವಳು. ಮಡಚಿದ್ದು ಅವಳದೇ ಆ ಹಳೆಯ ಪೇಪರಿನ ಮೊದಲ ಪುಟ. ಮೇಜು ಅಲ್ಲಾಡಲಿಲ್ಲ.

ಈಗ ಹೇಳಿ. ಹುದ್ದೆ ಒಂದೇ ದಿನದ ದೂರದಲ್ಲಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ನಾನೂರಾ ಹನ್ನೆರಡೂ ಅವಳದೇ. ಅವಳ ಜಾಗದಲ್ಲಿ, ಆ ಖಾಲಿ ಖಾನೆಯ ಮುಂದೆ ಕುಳಿತಿದ್ದರೆ, ನೀವು ಏನು ಬರೆಯುತ್ತಿದ್ದಿರಿ?